ಸಣ್ಣ ರಿವಾಲ್ವರಿಗೆ ಸೀಸದ ಹಾಲೋ ಪಾಯಿಂಟ್ ಹೊಂದುತ್ತದೆಯೇ?

ಪ್ರಶ್ನೆ: ನಾನು ಮೂಲತಃ ಮೈಸೂರಿನವಳು. ಹದಿನಾರು ವರ್ಷಗಳಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದ್ದು, ಈಗ ಇಲ್ಲಿನ ಪೌರತ್ವವೂ ಇದೆ. ಮನೆ ಊರಿನಿಂದ ದೂರವಿರುವ ಕಾರಣ ಕಳೆದ ವರ್ಷ ತರಬೇತಿ ಪಡೆದು ಸ್ಮಿತ್ ಅಂಡ್ ವೆಸನ್ ಕಂಪನಿಯ 642 ಮಾದರಿಯ .38 ಸ್ಪೆಷಲ್ ರಿವಾಲ್ವರ್ ಕೊಂಡೆ. ಅಂಗಡಿಯವರು ‘158 ಗ್ರೇನಿನ ಸೀಸದ ಹಾಲೋ ಪಾಯಿಂಟ್, ಪ್ಲಸ್ ಪಿ’ ತೆಗೆದುಕೊಳ್ಳಿ, ಬೇರೆ ಏನನ್ನೂ ನೋಡಬೇಡಿ ಎಂದರು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಪರಿಚಯವಾದ ಹಿರಿಯರೊಬ್ಬರು ಅದು ಹಳೆಯ ಕಾಲದ ಸರಕು, ತಾಮ್ರದ ಹೊದಿಕೆಯ ಹಗುರವಾದ ಗುಂಡೇ ಮೇಲು ಎನ್ನುತ್ತಾರೆ. ಐದು ಸುತ್ತು ಹಾರಿಸುವಷ್ಟರಲ್ಲಿ ನನ್ನ ಅಂಗೈ ಉರಿಯುತ್ತದೆ. ನಾನು ಯಾವುದನ್ನು ಆರಿಸಿಕೊಳ್ಳಲಿ? ಡಿಸೆಂಬರಿನಲ್ಲಿ ಊರಿಗೆ ಬರುವವಳಿದ್ದೇನೆ, ಆ ಬಗ್ಗೆ ಏನಾದರೂ ಎಚ್ಚರಿಕೆ ಬೇಕೇ?

ಉತ್ತರ: ನಿಮ್ಮ ಅಂಗಡಿಯವರು ಹೇಳಿದ್ದೂ ತಪ್ಪಲ್ಲ, ಹಿರಿಯರು ಹೇಳಿದ್ದೂ ಪೂರ್ತಿ ತಪ್ಪಲ್ಲ. ಆದರೆ ಇಬ್ಬರೂ ಗುಂಡಿನ ಪೆಟ್ಟಿಗೆಯನ್ನು ನೋಡಿ ಮಾತನಾಡಿದ್ದಾರೆಯೇ ಹೊರತು ನಿಮ್ಮ ಕೈಯನ್ನು ನೋಡಿ ಅಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಅಂಗೈ ಉರಿಯ ಮಾತು. ಅಲ್ಲಿಗೆ ಬರುವ ಮುನ್ನ ಈ ಸೀಸದ ಗುಂಡು ಏಕೆ ಹುಟ್ಟಿತು, ಏಕೆ ಇನ್ನೂ ಮಾರುಕಟ್ಟೆಯಲ್ಲಿ ಉಳಿದಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆಯೇ.

ಮೊದಲು ಪದಗಳ ವಿಷಯ. ನಮ್ಮ ಮಲೆನಾಡಿನ ಕಡೆ ತೋಟಾ ಎಂದು ಕರೆಯುವ ಇಡೀ ವಸ್ತುವನ್ನು, ಎಂದರೆ ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಸಿಡಿದು ಮದ್ದಿಗೆ ಬೆಂಕಿ ಕೊಡುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಕೂತ ಗುಂಡು ಎಲ್ಲವನ್ನೂ ಸೇರಿಸಿ, ಪೇಟೆಯ ಮಾತಿನಲ್ಲಿ ಗುಂಡು ಎಂದುಬಿಡುತ್ತೇವೆ. ಇಲ್ಲಿ ನಾನು ತೋಟಾ ಎಂದರೆ ಇಡಿಯದು, ಗುಂಡು ಎಂದರೆ ನಳಿಗೆಯಿಂದ ಹೊರಗೆ ಹೋಗುವ ಸೀಸದ ತುಂಡು ಮಾತ್ರ. ಗ್ರೇನ್ ಎಂಬುದು ಆ ತುಂಡಿನ ತೂಕದ ಅಳತೆ. 158 ಗ್ರೇನ್ ಎಂದರೆ ಸುಮಾರು 10.2 ಗ್ರಾಂ. ಹಾಲೋ ಪಾಯಿಂಟ್ ಎಂದರೆ ಒಳಹೊಕ್ಕಾಗ ಹಿಗ್ಗಲಿ ಎಂದು ಮೂತಿಯಲ್ಲಿ ಕುಳಿ ಮಾಡಿದ ಗುಂಡು. ಪ್ಲಸ್ ಪಿ ಎಂದರೆ ಆ ತೋಟಾದೊಳಗಿನ ಒತ್ತಡ ಮಾಮೂಲಿಗಿಂತ ಒಂದು ಮೆಟ್ಟಿಲು ಹೆಚ್ಚು: ಅಮೆರಿಕದ ತಯಾರಕರ ಮಾನದಂಡ ಸಂಸ್ಥೆಯ ಪ್ರಕಾರ ಸಾಧಾರಣ .38 ಸ್ಪೆಷಲ್‌ಗೆ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, ಪ್ಲಸ್ ಪಿಗೆ 20,000 ಪೌಂಡ್. ಎರಡು ಪ್ಲಸ್ ಗುರುತಿರುವ ತೋಟಾಗಳೂ ಅಪರೂಪಕ್ಕೆ ಸಿಗುತ್ತವೆ. ಅವಕ್ಕೆ ಒಪ್ಪಿತ ಮಿತಿಯೇ ಇಲ್ಲದ ಕಾರಣ ಅವುಗಳ ಗೊಡವೆಗೆ ಹೋಗಬೇಡಿ.

.38 ಸ್ಪೆಷಲ್ ಎಂಬ ತೋಟಾ 1898ರಷ್ಟು ಹಳೆಯದು. ದಶಕಗಳ ಕಾಲ ಅಮೆರಿಕದ ಪೊಲೀಸರು ಇದರಲ್ಲಿ ಬಳಸಿದ್ದು ದುಂಡು ಮೂತಿಯ 158 ಗ್ರೇನಿನ ಸೀಸದ ಗುಂಡನ್ನು. ಅದು ನಿಧಾನವಾಗಿ ಹೋಗುತ್ತಿತ್ತು, ಹಿಗ್ಗುತ್ತಿರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಆಳಕ್ಕೆ ನುಗ್ಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದೇ ನಿಮ್ಮ ಅಂಗಡಿಯವರು ಹೇಳಿದ ಗುಂಡು. ಮೂತಿಯನ್ನು ಮೊಟಕು ಮಾಡಿ, ಭುಜದಲ್ಲಿ ಚೂಪಾದ ಅಂಚು ಬಿಟ್ಟು, ಮುಂದೆ ಒಂದು ಕುಳಿ ಕೊರೆದ, ತಾಮ್ರದ ಹೊದಿಕೆಯಿಲ್ಲದ ಮೆತ್ತನೆಯ ಸೀಸ. 1970ರ ದಶಕದ ಆರಂಭದಲ್ಲಿ ಎಫ್‌ಬಿಐ ಇದನ್ನು ತನ್ನ ಸಿಬ್ಬಂದಿಗೆ ಕೊಟ್ಟಿತು. ಅಲ್ಲಿಂದ ಅದಕ್ಕೆ ‘ಎಫ್‌ಬಿಐ ಲೋಡ್’ ಎಂಬ ಹೆಸರು ನಿಂತಿತು. ಷಿಕಾಗೊ, ಸೇಂಟ್ ಲೂಯಿಸ್ ನಗರಗಳ ಹೆಸರಿನಲ್ಲೂ ಇದೇ ಗುಂಡನ್ನು ಕರೆಯುವವರಿದ್ದಾರೆ. ಹಿರಿಯರು ಇದನ್ನು ಹಳೆಯ ಕಾಲದ್ದು ಎಂದದ್ದು ವಯಸ್ಸಿನ ಲೆಕ್ಕದಲ್ಲಿ ಸರಿ. ಆದರೆ ಭೌತಶಾಸ್ತ್ರಕ್ಕೆ ವಯಸ್ಸಾಗುವುದಿಲ್ಲವಲ್ಲ.

ಕುಳಿಯಿರುವ ಗುಂಡು ಹಿಗ್ಗಬೇಕಾದರೆ ಆ ಕುಳಿಯೊಳಗೆ ದ್ರವ ನುಗ್ಗಿ ಗೋಡೆಯನ್ನು ಹೊರಕ್ಕೆ ತಳ್ಳಬೇಕು. ಹಾಗೆ ತಳ್ಳಲು ವೇಗ ಬೇಕು. ನಿಮ್ಮ 642ರ ನಳಿಗೆ 1.875 ಇಂಚು, ಎಂದರೆ ಐದು ಸೆಂಟಿಮೀಟರಿಗೂ ಕಡಿಮೆ. ಮದ್ದು ಪೂರ್ತಿ ಉರಿದು ತನ್ನ ಬಲವನ್ನೆಲ್ಲ ಗುಂಡಿಗೆ ಕೊಡುವಷ್ಟರಲ್ಲಿ ಗುಂಡು ಹೊರಗೆ ಹಾರಿರುತ್ತದೆ. ಉಳಿದದ್ದು ಬೆಂಕಿಯಾಗಿ, ಸದ್ದಾಗಿ ಕತ್ತಲೆಯಲ್ಲಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. 158 ಗ್ರೇನಿನ ಪ್ಲಸ್ ಪಿ ಗುಂಡು ನಾಲ್ಕು ಇಂಚಿನ ನಳಿಗೆಯಿಂದ ಸೆಕೆಂಡಿಗೆ 890 ಅಡಿಯ ಸುಮಾರಿಗೆ ಹೊರಟರೆ, ಸಣ್ಣ ನಳಿಗೆಯಿಂದ 800 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. ಈ ವೇಗದಲ್ಲಿ ಸಾಧಾರಣ ತಾಮ್ರದ ಹೊದಿಕೆ ಬಿರಿಯಲು ಒಪ್ಪದೆ ಹೋಗಬಹುದು. ಬರಿಯ ಸೀಸ ಮಣಿಯುವ ಸಂಭವ ಹೆಚ್ಚು. ಸೀಸದ ಹಾಲೋ ಪಾಯಿಂಟ್ ಸಣ್ಣ ರಿವಾಲ್ವರಿಗೆ ಹೊಂದುತ್ತದೆ ಎನ್ನುವುದರ ಹಿಂದಿನ ಪೂರ್ತಿ ವಾದ ಇಷ್ಟೇ. ಇಲ್ಲಿಯೂ ಒಂದು ಷರತ್ತು ಇದೆ: ಸೀಸ ನಿಜವಾಗಿ ಮೆತ್ತಗಿರಬೇಕು. ನಳಿಗೆಗೆ ಮೆತ್ತಿಕೊಳ್ಳದಿರಲಿ ಎಂದು ಆಂಟಿಮನಿ ಬೆರೆಸಿ ಗಡುಸು ಮಾಡಿದ ಎರಕದ ಗುಂಡಿನಲ್ಲಿ ಕುಳಿ ಎಷ್ಟೇ ದೊಡ್ಡದಿರಲಿ, ಅದು ಅಲಂಕಾರಕ್ಕೆ ಮಾತ್ರ. ಅಗ್ಗಕ್ಕೆ ಸಿಗುವ ಸೀಸದ ಗುಂಡುಗಳಲ್ಲಿ ಬಹುಪಾಲು ಅಭ್ಯಾಸಕ್ಕೆಂದು ಮಾಡಿದ ಗಡುಸಿನವೇ. ಉಗುರಿನಿಂದ ಒತ್ತಿ ಎಳೆದರೆ ಗೀರು ಬೀಳುವಷ್ಟು ಮೆದುವಾಗಿದೆಯೇ ನೋಡಿ, ಹಾಗೆ ನೋಡಿದ ಮೇಲೆ ಕೈ ತೊಳೆಯಿರಿ. ರೆಮಿಂಗ್ಟನ್ ಕಂಪನಿಯ ತೋಟಾಗೆ ಮೆದುವಿನ ವಿಷಯದಲ್ಲಿ ಬಹುಕಾಲದಿಂದ ಒಳ್ಳೆಯ ಹೆಸರಿದೆ. ಬಫಲೋ ಬೋರ್ ಎಂಬ ಸಣ್ಣ ಕಂಪನಿ ಇದೇ ಬಗೆಯ ಗುಂಡಿನ ತಳಕ್ಕೆ ತಾಮ್ರದ ಪುಟ್ಟ ಬಟ್ಟಲು ಕೂರಿಸಿ, ಸಾಧಾರಣ ಒತ್ತಡದಲ್ಲೂ ಪ್ಲಸ್ ಪಿಯಲ್ಲೂ ಮಾರುತ್ತದೆ. ತಳಕ್ಕೆ ಬಟ್ಟಲು ಇದ್ದರೆ ಬಿಸಿ ಅನಿಲ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುವುದು ಕಡಿಮೆಯಾಗುತ್ತದೆ.

ಹಿಗ್ಗುವಿಕೆಯ ಬಗ್ಗೆ ಇಷ್ಟು ಹೇಳಿದ ಮೇಲೆ, ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ ಎಂದೂ ನಾನೇ ಹೇಳಬೇಕಾಗಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಗುಂಡಿನ ಕಾಳಗದಲ್ಲಿ ಸತ್ತರು. ಹಗುರವೂ ವೇಗವೂ ಆದ 9 ಮಿಲಿಮೀಟರ್ ಹಾಲೋ ಪಾಯಿಂಟ್ ಒಂದು ಸಾಕಷ್ಟು ಆಳಕ್ಕೆ ಹೋಗದೆ ನಿಂತದ್ದು ಆ ದಿನದ ದೊಡ್ಡ ಚರ್ಚೆಯಾಯಿತು. ಅದರ ನಂತರದ ವರ್ಷಗಳಲ್ಲಿ ಆ ಸಂಸ್ಥೆ ರೂಪಿಸಿದ ಪರೀಕ್ಷೆಯಲ್ಲಿ, ಮಾಂಸಖಂಡಕ್ಕೆ ಬದಲಾಗಿ ಬಳಸುವ ಜೆಲಟಿನ್ ಗಟ್ಟಿಯೊಳಗೆ ಗುಂಡು ಕನಿಷ್ಠ 12 ಇಂಚು ಹೋಗಬೇಕು, 18 ಇಂಚು ಮೀರಬಾರದು ಎಂಬ ಅಳತೆ ಬಂತು. ಅಂದಿನಿಂದ ಇಂದಿನವರೆಗೆ ಗುಂಡು ತಯಾರಕರು ಹೆಚ್ಚು ಕಡಿಮೆ ಇದನ್ನೇ ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ. ಸಣ್ಣ ನಳಿಗೆಯ .38ರಲ್ಲಿ ವೇಗ ಹಿಡಿ ತುಂಬ ಮಾತ್ರ. ಅದನ್ನು ಹಿಗ್ಗಲು ಖರ್ಚು ಮಾಡಿದರೆ ಆಳಕ್ಕೆ ಉಳಿಯುವುದಿಲ್ಲ, ಆಳಕ್ಕೆ ಖರ್ಚು ಮಾಡಿದರೆ ಹಿಗ್ಗಲು ಉಳಿಯುವುದಿಲ್ಲ. ತೂಕದ ಗುಂಡಿನ ಪರವಾಗಿ ನಾನು ನಿಲ್ಲುವುದು ಇದೇ ಕಾರಣಕ್ಕೆ. ದಪ್ಪ ಬಟ್ಟೆ ಕುಳಿಯಲ್ಲಿ ತುಂಬಿಕೊಂಡು 158 ಗ್ರೇನಿನ ಗುಂಡು ಹಿಗ್ಗದೆ ಹೋಯಿತು ಎಂದುಕೊಳ್ಳಿ. ಆಗಲೂ ಅದು ಚೂಪು ಅಂಚಿನ ಗುಂಡಾಗಿ ಸಾಕಷ್ಟು ಆಳಕ್ಕೆ ಹೋಗುತ್ತದೆ. ನಿಮ್ಮ ಹಿರಿಯರು ಹೇಳುವ 110 ಗ್ರೇನಿನಂಥ ಹಗುರ ಗುಂಡು ಚೆನ್ನಾಗಿ ಹಿಗ್ಗಿದರೆ ಆಳ ಸಾಲದೆ ಹೋಗುವ ಅಪಾಯವಿದೆ. ಹೊದಿಕೆಯ ಗುಂಡುಗಳಲ್ಲಿ ಸಣ್ಣ ನಳಿಗೆಗೆಂದೇ ಹದಗೊಳಿಸಿದ್ದು ಸ್ಪೀರ್ ಕಂಪನಿಯ 135 ಗ್ರೇನ್ ಗೋಲ್ಡ್ ಡಾಟ್. ಅದರ ಮಾತು ಬೇರೆ, ಅದು ಗೌರವಕ್ಕೆ ಅರ್ಹವಾದ ಗುಂಡು. ಹಿರಿಯರು ಅದನ್ನು ಮನಸ್ಸಿನಲ್ಲಿಟ್ಟು ಹೇಳಿದ್ದರೆ ನನ್ನ ತಕರಾರಿಲ್ಲ.

ತೂಕದ ಗುಂಡಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸಣ್ಣ ರಿವಾಲ್ವರಿನ ಗುರಿಕಣ್ಣನ್ನು ತಿರುಪಿ ಸರಿಪಡಿಸಲು ಬರುವುದಿಲ್ಲ. ಹಿಂದಿನದು ಚೌಕಟ್ಟಿನಲ್ಲೇ ಕೊರೆದ ತೋಡು. .38 ಸ್ಪೆಷಲ್ ರಿವಾಲ್ವರುಗಳಲ್ಲಿ ಈ ಗುರಿಕಣ್ಣುಗಳನ್ನು ಸಾಂಪ್ರದಾಯಿಕವಾಗಿ 158 ಗ್ರೇನಿನ ಗುಂಡಿಗೆ ಹೊಂದಿಸಲಾಗಿದೆ. ಹಗುರ ಗುಂಡು ನಳಿಗೆಯಿಂದ ಬೇಗ ಹೊರಡುವುದರಿಂದ, ಕೈಯಲ್ಲಿ ನಳಿಗೆ ಮೇಲೇಳುವ ಮೊದಲೇ ಹೊರಬಿದ್ದು, ಗುರಿಗಿಂತ ಕೆಳಗೆ ಬೀಳುತ್ತದೆ. ಏಳು ಗಜದಲ್ಲಿ ಇದು ದೊಡ್ಡ ವ್ಯತ್ಯಾಸವಾಗದಿರಬಹುದು, ಆದರೆ ನಿಮ್ಮ ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನು ಕಾಗದದ ಮೇಲೆ ನೋಡದೆ ಯಾವ ಪೆಟ್ಟಿಗೆಯನ್ನೂ ಒಪ್ಪಿಕೊಳ್ಳಬೇಡಿ.

ಈಗ ಅಂಗೈ ಉರಿಗೆ ಬರೋಣ. 642ರ ಚೌಕಟ್ಟು ಅಲ್ಯೂಮಿನಿಯಮ್ಮಿನದು. ಖಾಲಿ ಇದ್ದಾಗ ತೂಕ 400 ಗ್ರಾಂ ಚಿಲ್ಲರೆ. ಇದೇ ತೋಟಾವನ್ನು ಹಾರಿಸುತ್ತಿದ್ದ ಹಳೆಯ ಪೊಲೀಸ್ ರಿವಾಲ್ವರ್ ಸುಮಾರು ಒಂದು ಕಿಲೋ ತೂಗುತ್ತಿತ್ತು. ತೋಟಾ ಒಂದೇ ಆದರೂ ನಿಮ್ಮ ಕೈಗೆ ಬರುವ ಹಿಂದೊದೆತದ ಶಕ್ತಿ ಎರಡೂವರೆ ಪಟ್ಟಿನ ಹತ್ತಿರವಾಗುತ್ತದೆ. ಎಫ್‌ಬಿಐ ಲೋಡಿನ ಹೊಗಳಿಕೆಯೆಲ್ಲ ಆ ಕಿಲೋ ತೂಕದ ರಿವಾಲ್ವರಿನ ಕಾಲದ್ದು ಎಂಬುದನ್ನು ಮರೆತು, ಅದನ್ನೇ ಅಂಗೈಯಗಲದ ಹಗುರ ರಿವಾಲ್ವರಿಗೆ ತುಂಬಿ, ಹೊಸದಾಗಿ ಕಲಿಯುವವರ ಕೈಗೆ ಕೊಡುವ ವ್ಯಾಪಾರಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ನನ್ನ ಬಳಿ ಕಲಿಯಲು ಬಂದವರಲ್ಲಿ ಹಲವರು ಪ್ಲಸ್ ಪಿಯ ಎರಡನೇ ಸುತ್ತಿಗೇ ಟ್ರಿಗರ್ ಎಳೆಯುವ ಮುನ್ನ ಕಣ್ಣು ಮುಚ್ಚುವುದನ್ನು ಕಂಡಿದ್ದೇನೆ. ಹಾಗೆ ಕಣ್ಣು ಮುಚ್ಚಿದ ಕೈಯಿಂದ ಹೊರಟ ಗುಂಡು ಗುರಿ ತಪ್ಪಿದರೆ ಮನೆಯ ಜಿಪ್ಸಮ್ ಗೋಡೆಯನ್ನು ಕಾಗದದಂತೆ ದಾಟಿ ಪಕ್ಕದ ಕೋಣೆಗೆ ಹೋಗುತ್ತದೆ. ಮೂತಿಯಲ್ಲಿ ಕುಳಿ ಇರುವುದರಿಂದ ಅದು ಗೋಡೆಯಲ್ಲಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೋಡೆಯ ಪುಡಿ ಕುಳಿಯನ್ನು ತುಂಬಿದ ಮೇಲೆ ಅದು ಸಾದಾ ಗುಂಡೇ.

ಆದ್ದರಿಂದ ನಿಮಗೆ ನಾನು ಮೊದಲು ಸೂಚಿಸುವುದು ಹಾಲೋ ಪಾಯಿಂಟನ್ನೇ ಅಲ್ಲ. 148 ಗ್ರೇನಿನ ವ್ಯಾಡ್‌ಕಟರ್ ಅನ್ನು. ಇದಕ್ಕೆ ಮೂತಿಯೇ ಇಲ್ಲ, ಸೀಮೆಸುಣ್ಣದ ತುಂಡಿನಂತೆ ಚಪ್ಪಟೆ ತಲೆಯ ಸೀಸ, ಕೊಳವೆಯ ಬಾಯಿಗೆ ಸಮವಾಗಿ ಒಳಗೆ ಅಡಗಿ ಕೂತಿರುತ್ತದೆ. ಕಾಗದದ ಗುರಿಯಲ್ಲಿ ಪಂಚಿಂಗ್ ಯಂತ್ರ ಒತ್ತಿದಂತೆ ದುಂಡನೆಯ ತೂತು ಬೀಳಲಿ ಎಂದು ಸ್ಪರ್ಧೆಗಳಿಗಾಗಿ ಮಾಡಿದ್ದು. ಕಂಪನಿಗಳ ಪಟ್ಟಿಯಲ್ಲಿ ಇದರ ವೇಗ ಸೆಕೆಂಡಿಗೆ 700 ಅಡಿಯ ಸುತ್ತಮುತ್ತ, ಸಣ್ಣ ನಳಿಗೆಯಲ್ಲಿ ಇನ್ನೂ ಕಡಿಮೆ. ಪ್ಲಸ್ ಪಿಗೆ ಹೋಲಿಸಿದರೆ ಗುಂಡು ಕೈಗೆ ಕೊಡುವ ತಳ್ಳು ಅಂದಾಜು ಕಾಲುಭಾಗ ಕಡಿಮೆ, ಬೆಂಕಿಯೂ ಕಡಿಮೆ. ಇದು ಹಿಗ್ಗುವುದಿಲ್ಲ, ಹಿಗ್ಗುತ್ತೇನೆ ಎಂದು ಮಾತೂ ಕೊಡುವುದಿಲ್ಲ. ಆದರೆ ತನ್ನ ಪೂರ್ಣ ವ್ಯಾಸದಲ್ಲಿ ನೇರವಾಗಿ ಸಾಕಷ್ಟು ಆಳಕ್ಕೆ ಹೋಗುತ್ತದೆ. ಒಂದೇ ತೊಡಕೆಂದರೆ, ಮೂತಿಯಿಲ್ಲದ ಈ ತೋಟಾಗಳನ್ನು ಗಡಿಬಿಡಿಯಲ್ಲಿ ಸಿಲಿಂಡರಿನ, ಎಂದರೆ ತೋಟಾ ತುಂಬುವ ತಿರುಗುವ ಉರುಳೆಯ, ರಂಧ್ರಕ್ಕೆ ಇಳಿಸುವುದು ಕಷ್ಟ. ಹಳಬರು ಇದಕ್ಕೆ ಮಾಡಿಕೊಂಡ ಉಪಾಯ ಚೆನ್ನಾಗಿದೆ: ರಿವಾಲ್ವರಿನೊಳಗೆ ವ್ಯಾಡ್‌ಕಟರ್, ಹೆಚ್ಚುವರಿಯಾಗಿ ಇಟ್ಟುಕೊಳ್ಳುವ ಐದು ತೋಟಾ ಮೂತಿಯಿರುವ 158 ಗ್ರೇನಿನವು.

ಮೂರು ನಾಲ್ಕು ತಿಂಗಳ ಅಭ್ಯಾಸದ ಮೇಲೆ ಕೈ ಹದಕ್ಕೆ ಬಂದು, ಅಂಗೈ ತುಂಬುವ ರಬ್ಬರ್ ಹಿಡಿಯನ್ನು ಹಾಕಿಸಿಕೊಂಡ ಮೇಲೆ, ಸಾಧಾರಣ ಒತ್ತಡದ 158 ಗ್ರೇನಿನ ಮೆತ್ತನೆಯ ಹಾಲೋ ಪಾಯಿಂಟಿಗೆ ಹೋಗಿ. ಅದರಲ್ಲಿ ಏಳು ಗಜದಿಂದ ಐದೂ ಗುಂಡುಗಳನ್ನು ಒಂದು ಊಟದ ತಟ್ಟೆಯಗಲದೊಳಗೆ, ಕಣ್ಣು ಮುಚ್ಚದೆ, ತಡವರಿಸದೆ ಇಡಲು ಬಂದರೆ ಆಮೇಲೆ ಪ್ಲಸ್ ಪಿಯನ್ನು ಯೋಚಿಸಬಹುದು. ಬಾರದಿದ್ದರೆ ವ್ಯಾಡ್‌ಕಟರಿನಲ್ಲೇ ನಿಲ್ಲುವುದರಲ್ಲಿ ನಾಚಿಕೆಯೇನಿಲ್ಲ. ಬಹಳ ಅನುಭವಿಗಳಾದ ಕೆಲವರು ಹಗುರ ರಿವಾಲ್ವರಿನಲ್ಲಿ ಅದನ್ನೇ ಇಟ್ಟುಕೊಳ್ಳುತ್ತಾರೆ.

ಸೀಸದ ಗುಂಡನ್ನು ಹಗುರ ರಿವಾಲ್ವರಿಗೆ ಹಾಕುವಾಗ ಒಂದು ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಿ. ರಿವಾಲ್ವರ್ ಹಿಂದಕ್ಕೆ ಒದ್ದಾಗ ಸಿಲಿಂಡರಿನಲ್ಲಿ ಉಳಿದ ತೋಟಾಗಳ ಕೊಳವೆಯೂ ಅದರ ಜೊತೆ ಹಿಂದಕ್ಕೆ ಹೋಗುತ್ತದೆ. ಬಾಯಲ್ಲಿರುವ ಗುಂಡು ಮಾತ್ರ, ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದುಳಿದಂತೆ, ಇದ್ದಲ್ಲೇ ಉಳಿಯಲು ನೋಡುತ್ತದೆ. ಕೊಳವೆಯ ಬಾಯಿಯನ್ನು ಬಿಗಿಯಾಗಿ ಮಡಿಸಿರದಿದ್ದರೆ ಗುಂಡು ಒಂದೊಂದೇ ಏಟಿಗೆ ಸ್ವಲ್ಪ ಸ್ವಲ್ಪ ಹೊರಬಂದು, ಕೊನೆಗೆ ಸಿಲಿಂಡರಿನ ಮುಖದಾಚೆ ಚಾಚಿ, ಅದು ತಿರುಗದಂತೆ ಮಾಡಿಬಿಡುತ್ತದೆ. ಜಾರುವ ಸೀಸದಲ್ಲಿ, ಅದರಲ್ಲೂ ತೂಕದ ಗುಂಡಿನಲ್ಲಿ ಈ ಕಾಟ ಹೆಚ್ಚು. ಐದು ತೋಟಾ ತುಂಬಿ, ನಾಲ್ಕನ್ನು ಹಾರಿಸಿ, ಐದನೆಯದನ್ನು ಹೊರತೆಗೆದು, ಪೆಟ್ಟಿಗೆಯಲ್ಲಿರುವ ಹೊಸ ತೋಟಾದ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ. ಬರಿಗಣ್ಣಿಗೆ ವ್ಯತ್ಯಾಸ ಕಂಡರೆ ಆ ಬ್ರ್ಯಾಂಡು ನಿಮ್ಮ ರಿವಾಲ್ವರಿಗಲ್ಲ. ಟೈಟಾನಿಯಮ್ ಸಿಲಿಂಡರಿನ ಇನ್ನೂ ಹಗುರ ಮಾದರಿಗಳಲ್ಲಿ ಕೆಲವುದರ ನಳಿಗೆಯ ಮೇಲೇ ಹೊದಿಕೆಯ ಗುಂಡನ್ನು ಮಾತ್ರ ಬಳಸಿ ಎಂಬ ಅರ್ಥದ ಮುದ್ರೆ ಇರುವುದು ಈ ಕಾರಣಕ್ಕಾಗಿಯೇ. ನಿಮ್ಮ ರಿವಾಲ್ವರಿನ ಮುದ್ರೆಯನ್ನೂ ಒಮ್ಮೆ ಓದಿ. ಈಗ ಮಾರಾಟವಾಗುವ 642 ಪ್ಲಸ್ ಪಿಗೆ ಒಪ್ಪಿಗೆ ಪಡೆದದ್ದು, ಆದರೆ ಕೈಯಿಂದ ಕೈಗೆ ಬಂದ ಹಳೆಯದಾದರೆ ಆ ಒಪ್ಪಿಗೆ ಇಲ್ಲದಿರಬಹುದು.

ಸೀಸದ ವಿಷವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೊದಿಕೆಯಿಲ್ಲದ ಗುಂಡನ್ನು ಮುಟ್ಟಿದ ಬೆರಳಿನಲ್ಲಿ ಸೀಸ ಅಂಟುತ್ತದೆ. ಕೇಪಿನ ರಾಸಾಯನಿಕದಲ್ಲೂ ಸಾಮಾನ್ಯವಾಗಿ ಸೀಸವಿದ್ದು, ಅದು ಹೊಗೆಯಲ್ಲಿ ಉಸಿರಿಗೆ ಹೋಗುತ್ತದೆ. ಒಳಾಂಗಣ ರೇಂಜುಗಳಲ್ಲಿ ಹಲವು ಹೊದಿಕೆಯಿಲ್ಲದ ಸೀಸವನ್ನು ಬಿಡುವುದೇ ಇಲ್ಲ, ಹಣ ಕಟ್ಟುವ ಮುನ್ನ ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ತಣ್ಣೀರು, ಸಾಬೂನಿನಿಂದ ಕೈ ಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. ನೀವು ಗರ್ಭಿಣಿಯಾಗಿದ್ದರೆ ಅಥವಾ ಹಾಲುಣಿಸುತ್ತಿದ್ದರೆ ವೈದ್ಯರನ್ನು ಕೇಳದೆ ರೇಂಜಿಗೆ ಹೋಗಲೇಬೇಡಿ. ನಳಿಗೆಯ ಒಳಗೂ, ಸಿಲಿಂಡರ್ ಮತ್ತು ನಳಿಗೆ ಸೇರುವ ಸಂದಿನಲ್ಲೂ ಸೀಸ ಬೂದು ಬಣ್ಣದ ಪೊರೆಯಾಗಿ ಕೂರುತ್ತದೆ. ಐವತ್ತು ಸುತ್ತಿಗೊಮ್ಮೆ ಕಂಚಿನ ಕುಂಚ ಹಾಕಿ ತಿಕ್ಕಬೇಕು. ಆ ಸಂದಿನಿಂದ ಸೀಸದ ಸಣ್ಣ ಚೂರುಗಳು ಪಕ್ಕಕ್ಕೆ ಸಿಡಿಯುವುದರಿಂದ ಇನ್ನೊಂದು ಕೈಯ ಬೆರಳನ್ನು ಅಲ್ಲಿಗೆ ತರಬೇಡಿ, ಕಣ್ಣಿಗೆ ಕನ್ನಡಕವಿಲ್ಲದೆ ಹಾರಿಸಬೇಡಿ.

ಕಾನೂನಿನ ಬಗ್ಗೆ ಒಂದೆರಡು ಮಾತು. ಹಿಗ್ಗುವ ಗುಂಡಿನ ಕುಖ್ಯಾತಿಗೆ ಭಾರತದ ನಂಟಿದೆ: ಕೋಲ್ಕತ್ತ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತಯಾರಿಸಿದ, ತುದಿಯಲ್ಲಿ ಸೀಸ ತೆರೆದಿದ್ದ ರೈಫಲ್ ಗುಂಡಿನಿಂದಲೇ ‘ದಮ್‌ದಮ್ ಗುಂಡು’ ಎಂಬ ಹೆಸರು ಬಂತು, 1899ರ ಹೇಗ್ ಘೋಷಣೆ ಅಂಥವನ್ನು ದೇಶ ದೇಶಗಳ ನಡುವಿನ ಯುದ್ಧದಲ್ಲಿ ನಿಷೇಧಿಸಿತು. ಆ ನಿಷೇಧ ಅಮೆರಿಕದ ಮನೆಯೊಳಗಿನ ಆತ್ಮರಕ್ಷಣೆಗೆ ಅನ್ವಯಿಸುವುದಿಲ್ಲ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ: ನ್ಯೂಜೆರ್ಸಿಯಲ್ಲಿ ಹಾಲೋ ಪಾಯಿಂಟನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾದರೂ ಜೊತೆಯಲ್ಲಿ ಒಯ್ಯಲು ಬಿಗಿಯಾದ ಕಟ್ಟುಪಾಡುಗಳಿವೆ. ಒಹಾಯೊದಿಂದ ಕಾರಿನಲ್ಲಿ ನ್ಯೂಜೆರ್ಸಿಯ ಎಡಿಸನ್ ಊರಿನ ಬಂಧುಗಳ ಮನೆಗೇನಾದರೂ ಹೊರಡುವಾಗ ಇದು ನೆನಪಿರಲಿ. ನಿಮಗೆ ಪೌರತ್ವವಿರುವುದರಿಂದ ತೊಂದರೆಯಿಲ್ಲ. ಆದರೆ ಎಚ್-1ಬಿಯಂಥ ವೀಸಾದ ಮೇಲಿರುವ ನಮ್ಮ ಹುಡುಗರು ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದೇ ಅಲ್ಲಿನ ಕೇಂದ್ರ ಕಾನೂನಿನಡಿ ಅಪರಾಧ. ಅಂಥ ನೆಂಟರು ಮನೆಗೆ ಬಂದು ಉಳಿದಾಗ ರಿವಾಲ್ವರ್ ಅವರ ಕೈಗೆ ಎಟುಕದಂತೆ ಬೀಗದಲ್ಲಿರಲಿ. ಹೇಗೂ ಅದು ಸದಾ ಬೀಗದಲ್ಲೇ ಇರಬೇಕಾದ ವಸ್ತು.

ಡಿಸೆಂಬರಿನ ಪ್ರಯಾಣದ ಬಗ್ಗೆ ಕೇಳಿದ್ದೀರಿ. ರೇಂಜಿಗೆ ಒಯ್ಯುವ ಚೀಲವನ್ನು ಎಂದೂ ಪ್ರಯಾಣದ ಚೀಲವನ್ನಾಗಿ ಬಳಸಬೇಡಿ. ಹೊಲಿಗೆಯ ಸಂದಿನಲ್ಲೋ ಪಕ್ಕದ ಜೇಬಿನಲ್ಲೋ ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಗೊತ್ತಿಲ್ಲದೆ ಉಳಿದದ್ದು ಎಂದು ನ್ಯಾಯಾಲಯ ಒಪ್ಪಿ ಪ್ರಕರಣ ರದ್ದು ಮಾಡಿದ ಉದಾಹರಣೆಗಳು ಹಲವಿವೆ, ಆದರೆ ಅಷ್ಟರಲ್ಲಿ ನಿಮ್ಮ ರಜೆ ಮುಗಿದಿರುತ್ತದೆ. ಹೊರಡುವ ವಾರ ಪೆಟ್ಟಿಗೆಯಲ್ಲಿರುವ ತೋಟಾಗಳನ್ನು ಎಣಿಸಿ ಬೀಗ ಹಾಕಿ, ಸೂಟ್‌ಕೇಸನ್ನು ಒಮ್ಮೆ ತಲೆಕೆಳಗಾಗಿ ಕೊಡವಿ, ಆಮೇಲೆ ಸೀರೆ ತುಂಬಿ.